ಹೆಸರಿನ ಒಡೆಯರು ಯಾರು?

ನಮ್ಮೂರಿನ ಸಾಹಿತ್ಯ ಸಂಘವೊಂದು ಹಲವು ವರ್ಷ ಬಳಸಿದ್ದ ಅಂತರಜಾಲದ ಹೆಸರನ್ನು ಒಮ್ಮೆ ಕಳೆದುಕೊಂಡಿತು. ನವೀಕರಣದ ನೆನಪೋಲೆಗಳು ಹಿಂದಿನ ಕಾರ್ಯದರ್ಶಿಯವರ ವಿಳಾಸಕ್ಕೆ ಹೋಗುತ್ತಿದ್ದವು. ಅವರು ಊರು ಬಿಟ್ಟು ಬಹುಕಾಲವಾಗಿತ್ತು. ಕೆಲವು ತಿಂಗಳಾದ ಮೇಲೆ ನೋಡಿದರೆ, ಕವಿಗೋಷ್ಠಿಯ ವರದಿಗಳಿದ್ದೆಡೆ ಜೂಜಿನ ಜಾಹೀರಾತು! ಹೆಸರನ್ನು ಯಾರೋ ಕದ್ದರೆಂದು ಹಿರಿಯ ಸದಸ್ಯರು ಮರುಗಿದರು. ಆದರೆ ಅದು ಕಳವಲ್ಲ. ಅವಧಿಗೆಂದು ಪಡೆದ ಹಕ್ಕು ಅವಧಿಯೊಡನೆ ಮುಗಿದಿತ್ತು, ಅಷ್ಟೆ.

ಹಾಗಾದರೆ ಹೆಸರು ಯಾರದು? ‘ಡಾಟ್ ಇನ್’ ಎಂದು ಮುಗಿಯುವ ನಮ್ಮ ದೇಶದ ಹೆಸರುಗಳನ್ನೇ ನೋಡೋಣ. ಆ ಎರಡಕ್ಷರ ಅಂತರಜಾಲಕ್ಕೆಂದು ಹುಟ್ಟಿದ್ದಲ್ಲ. ದೇಶಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯೊಂದರಿಂದ ತೆಗೆದುಕೊಂಡದ್ದು. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಬೀಳದಿರಲು ಕಂಡುಕೊಂಡ ಜಾಣತನದ ದಾರಿಯಿದು. ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಪೊಸ್ಟೆಲ್ ಎಂಬ ವಿಜ್ಞಾನಿ 1994ರ ಟಿಪ್ಪಣಿಯೊಂದರಲ್ಲಿ, ಇಲ್ಲಿ ಒಡೆತನದ ಮಾತು ಸಲ್ಲದು, ಹೊಣೆ ಮತ್ತು ಸೇವೆಯ ಮಾತು ಸಲ್ಲುತ್ತದೆ ಎಂಬ ನಿಲುವು ತಳೆದರು. ದೇಶದ ಹೆಸರನ್ನು ನೋಡಿಕೊಳ್ಳುವವನು ಅವರ ದೃಷ್ಟಿಯಲ್ಲಿ ಒಡೆಯನಲ್ಲ, ಧರ್ಮದರ್ಶಿ.

ನಮ್ಮಲ್ಲಿ 1989ರಿಂದ ಇದ್ದ ಈ ಹೆಸರು ಬಹುಕಾಲ ಕೆಲವರಿಗಷ್ಟೇ ಸಿಗುತ್ತಿತ್ತು. 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯ ಕೈಗೆ ಹೊಣೆ ಬಂದು, 2005ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಮೂಲ ಖಾತೆಯ ಪುಸ್ತಕ ನಿಕ್ಸಿಯದು. ನಮ್ಮ ನಿಮ್ಮಂಥವರಿಗೆ ಹೆಸರು ಕೊಡುವವರು ಅದರ ಮನ್ನಣೆ ಪಡೆದ ರಿಜಿಸ್ಟ್ರಾರುಗಳು. ಒಂದರಿಂದ ಹತ್ತು ವರ್ಷದವರೆಗೆ ನೋಂದಾಯಿಸಬಹುದು. ಮೊದಲು ಕೇಳಿದವನಿಗೆ ಮೊದಲು. ಇನ್ನೊಬ್ಬರ ಗುರುತಿನ ಹೆಸರನ್ನು ದುರುದ್ದೇಶದಿಂದ ಹಿಡಿದಿಟ್ಟವನ ಮೇಲೆ ಮಧ್ಯಸ್ಥಗಾರರ ಮುಂದೆ ದೂರು ಕೊಡಲು ಅವಕಾಶವುಂಟು; ಹಕ್ಕನ್ನೂ ದುರುದ್ದೇಶವನ್ನೂ ತೋರಿಸಿಕೊಡುವ ಭಾರ ದೂರುದಾರನದು. ಕಾಗದಪತ್ರವೇ ಇಲ್ಲದ ನಮ್ಮ ಸಂಘ ಆ ದಾರಿಗೆ ಹೋಗಲಿಲ್ಲ.

ಈಗ ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲಿಯೂ ಹೆಸರು ದೊರೆಯುತ್ತದೆ. ನಾವು ಕನ್ನಡದಲ್ಲಿ ಬರೆದರೂ, ಯಂತ್ರ ಅದನ್ನು ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಮಾರ್ಪಡಿಸಿಕೊಂಡು ಹುಡುಕುತ್ತದೆ. ಇಲ್ಲೊಂದು ತೊಡಕು ಭಾಷೆಯ ಮೇಷ್ಟರಾದ ನನ್ನನ್ನು ಬಹಳ ಸೆಳೆಯಿತು. ಕನ್ನಡದ ‘ರ’, ತೆಲುಗಿನ ‘ರ’ ಕಣ್ಣಿಗೆ ಹೆಚ್ಚುಕಡಮೆ ಒಂದೇ. ಯಂತ್ರಕ್ಕೆ ಬೇರೆಬೇರೆ ಸಂಖ್ಯೆಗಳು. ಒಂದಕ್ಷರ ಬದಲಿಸಿದರೆ ಸಾಕು, ಓದುಗ ಗುರುತಿಸಲಾರದ ನಕಲಿ ಹೆಸರು ಸಿದ್ಧ. ಎರಡು ಲಿಪಿ ಬೆರೆಸಬಾರದೆಂಬ ಕಟ್ಟುಪಾಡು ಇದಕ್ಕಾಗಿಯೇ. ಒಂದೇ ಮೂಲದಿಂದ ಬಂದ ಲಿಪಿಗಳ ನಂಟು ಇಂದು ಕಾವಲುಗಾರನ ಚಿಂತೆಯಾಗಿದೆ!

ಸಂಘದ ಹೊಸ ಹೆಸರಿಗೆ ಕನ್ನಡ ಲಿಪಿಯೇ ಬೇಕೆಂದು ನಾನು ವಾದಿಸಿದೆ. ಎಲ್ಲ ತಾಣಗಳೂ ಅಂಥ ವಿಳಾಸವನ್ನು ಒಪ್ಪುವುದಿಲ್ಲವೆಂದು ತರುಣರು ಹೇಳಿದರು, ಅದು ನಿಜವೇ. ಕೊನೆಗೆ ಎರಡನ್ನೂ ಕೊಂಡೆವು. ನವೀಕರಣದ ದಿನಾಂಕವನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಮಸಿಯಲ್ಲಿ ಬರೆದಿಟ್ಟಿದ್ದಾರೆ.