ಬೂಷ್ಟು ಹಿಡಿದ ದ್ರಾಕ್ಷಿಯ ಸಿಹಿ ವೈನ್

ಈ ದ್ರಾಕ್ಷಿಗೆ ಬೂಷ್ಟು ಹಿಡಿದಿದೆ. ಎಸೆಯಬೇಡಿ, ಸೋತೆರ್ನ್ ವೈನ್ ಆಗುವುದೇ ಇದರಿಂದ!

ಫ್ರಾನ್ಸಿನ ಬೋರ್ಡೊ ನಗರದ ದಕ್ಷಿಣಕ್ಕೆ, ತಣ್ಣನೆಯ ಸಿರೋನ್ ಹೊಳೆ ಗರೋನ್ ನದಿಯನ್ನು ಸೇರುವ ಸೋತೆರ್ನ್ ಪ್ರದೇಶದಲ್ಲಿ, ಶರತ್ಕಾಲದ ಬೆಳಗ್ಗೆ ಮಂಜು ಕವಿಯುತ್ತದೆ. ಆ ತೇವಕ್ಕೆ ಬೊಟ್ರೈಟಿಸ್ ಎಂಬ ಬೂಷ್ಟು ಬೆಳೆಯುತ್ತದೆ; ಮಧ್ಯಾಹ್ನದ ಬಿಸಿಲು ಹಣ್ಣು ಕೊಳೆಯದಂತೆ ಕಾಯುತ್ತದೆ. ಬೂಷ್ಟಿನಿಂದ ಸಿಪ್ಪೆಯಲ್ಲಿ ಸಣ್ಣ ತೂತುಗಳಾಗಿ ನೀರು ಆರುತ್ತದೆ, ಉಳಿದ ರಸದಲ್ಲಿ ಸಿಹಿ ಗಟ್ಟಿಯಾಗುತ್ತದೆ. ಕೊಯ್ಯುವವರು ಅದೇ ತೋಟಕ್ಕೆ ಮತ್ತೆ ಮತ್ತೆ ಹೋಗಿ ಹದವಾದ ಹಣ್ಣನ್ನಷ್ಟೇ ಆರಿಸುತ್ತಾರೆ. ಇಲ್ಲಿನ ಹೆಸರಾಂತ ತೋಟ ಶಾತೊ ಡಿಕೆಮ್‌ನಲ್ಲಿ ಒಂದು ಬಳ್ಳಿಗೆ ಸಿಗುವುದು ಸುಮಾರು ಒಂದೇ ಗ್ಲಾಸ್ ವೈನ್. ಬೆಲೆ ಏರದೆ ಇನ್ನೇನು?

ಜೊತೆಗೆ ಏನು? ಫ್ರೆಂಚರು ಫುವಾ ಗ್ರಾ (ಕೊಬ್ಬಿಸಿದ ಬಾತಿನ ಯಕೃತ್ತು) ಬಡಿಸುತ್ತಾರೆ. ನನ್ನ ಮತ ರೋಕ್‌ಫೋರ್ ಚೀಸ್‌ಗೆ: ಅದರ ಉಪ್ಪಿನಿಂದ ಈ ಸಿಹಿಗೆ ಕಳೆ. ಏಪ್ರಿಕಾಟ್ ಟಾರ್ಟ್ ಕೂಡ ಸೊಗಸು. ಚಾಕೊಲೇಟ್ ಮಾತ್ರ ಬೇಡ. ಬಾಟಲಿ ತಣ್ಣಗಿರಲಿ, ಗ್ಲಾಸ್ ಚಿಕ್ಕದಿರಲಿ.