ಕೋಳಿಮರಿಯ ಕತ್ತು ತಿರುಚುವ ರೋಗ

ಕಳೆದ ಮಳೆಗಾಲದಲ್ಲಿ ನಮ್ಮವ್ವ ಸಂಘದಲ್ಲಿ ಸಾಲ ಪಡೆದು 50 ಕೋಳಿಮರಿಗಳನ್ನು ತಂದಳು. ನನ್ನ ಕೊನೆಯ ವರ್ಷದ ಶುಲ್ಕಕ್ಕೆ ಅವೇ ಆಧಾರವೆಂದು ಎಣಿಸಿದ್ದೆವು. ಆರನೆಯ ದಿನ ಕೆಲವು ಮರಿಗಳು ಕತ್ತನ್ನು ಬೆನ್ನಿನ ಕಡೆಗೆ ತಿರುಚಿ, ನಿಂತಲ್ಲಿಯೇ ಸುತ್ತಿ ಬೀಳತೊಡಗಿದವು. ಕೇರಿಯವರೆಲ್ಲ ‘ಕೊಕ್ಕರೆ ರೋಗ’ ಎಂದರು. ಪಶುವೈದ್ಯರು ಮಾತ್ರ ಸತ್ತ ಮರಿಯೊಂದನ್ನು ಕೊಯ್ದು, ಹೊಟ್ಟೆಯಲ್ಲಿ ಕರಗದೆ ನಾರುತ್ತಿದ್ದ ಮೊಟ್ಟೆಯ ಹಳದಿಯನ್ನು ತೋರಿಸಿದರು. ಕಲಾ ವಿದ್ಯಾರ್ಥಿಯಾದ ನಾನು ಅವರಿಂದ ಕೇಳಿಯೂ ಓದಿಯೂ ತಿಳಿದುದನ್ನು ಇಲ್ಲಿ ನಿವೇದಿಸಿದ್ದೇನೆ.

ಮರಿಯು ಹೊರಬರುವ ಮುನ್ನ ಉಳಿದ ಹಳದಿಯು ಅದರ ಹೊಟ್ಟೆಯೊಳಕ್ಕೆ ಸೇರುತ್ತದೆ. ಮೊದಲ ಕೆಲವು ದಿನಗಳ ಬುತ್ತಿ ಅದೇ. ಹೊಕ್ಕುಳು ಸರಿಯಾಗಿ ಮುಚ್ಚದಿದ್ದರೆ, ಹೊಲಸು ಚಿಪ್ಪಿನಿಂದಲೋ ಒದ್ದೆ ಹೊಟ್ಟಿನಿಂದಲೋ ಇ. ಕೊಲೈ ಎಂಬ ಬ್ಯಾಕ್ಟೀರಿಯ ಒಳನುಗ್ಗಿ, ಆ ಬುತ್ತಿಯಲ್ಲಿಯೇ ಬೆಳೆದು ರಕ್ತವನ್ನು ಸೇರುತ್ತದೆ. ಬಹುಪಾಲು ಮರಿಗಳು ಅಷ್ಟರಲ್ಲಿಯೇ ಸಾಯುತ್ತವೆ. ಕೆಲವುಗಳಲ್ಲಿ ಅದು ಮೆದುಳಿನ ಪೊರೆಯನ್ನು ಮುಟ್ಟಿ ಬಾವು ತರುತ್ತದೆ. ಆಗ ನಡುಕ, ಓಲಾಟ, ಕತ್ತಿನ ತಿರುಚು ಕಾಣುತ್ತವೆ. ಸಾಲ್ಮೊನೆಲ್ಲಾ ಜಾತಿಯ ಕೆಲವು ರೋಗಾಣುಗಳೂ ಹೀಗೆಯೇ ಮೆದುಳಿಗೆ ಏರಬಲ್ಲವು. ಅವುಗಳಲ್ಲಿ ಪುಲ್ಲೋರಮ್ ಎಂಬುದು ತಾಯಿಕೋಳಿಯ ಮೊಟ್ಟೆಯೊಳಗಿನಿಂದಲೇ ಬರುವುದುಂಟು. ಬಾತುಮರಿಗಳಿಗೆ ರೈಮರೆಲ್ಲಾ ಎಂಬುದು ಮುಖ್ಯ ಶತ್ರು.

ಆದರೆ ಕತ್ತು ತಿರುಚಿದ ಮಾತ್ರಕ್ಕೆ ಬ್ಯಾಕ್ಟೀರಿಯವೆಂದೂ ಹೇಳಲಾಗದು. ಕೊಕ್ಕರೆ ರೋಗ, ಎಂದರೆ ರಾಣಿಖೇತ್, ವೈರಸ್ಸಿನಿಂದ ಬರುವಂಥದು. 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಗುರುತಿಸಲ್ಪಟ್ಟ ಆ ರೋಗಕ್ಕೆ ನಮ್ಮಲ್ಲಿ ಕುಮಾವೂನ್ ಬೆಟ್ಟದ ಊರಿನ ಹೆಸರು ಅಂಟಿಕೊಂಡಿದೆ. ಅದಕ್ಕೆ ಮೊದಲೇ ಹಾಕಿದ ಲಸಿಕೆಯೇ ರಕ್ಷೆ. ಆಂಟಿಬಯಾಟಿಕ್ ಏನೂ ಮಾಡದು. ‘ಇ’ ಜೀವಸತ್ವದ ಕೊರತೆಯಿಂದಲೂ ಮರಿಗಳು ಹೀಗೆ ಹೊರಳುತ್ತವೆ. ಆದುದರಿಂದ ಮೆದುಳಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದೇ ನಿಶ್ಚಿತ ಮಾರ್ಗ.

ನಮ್ಮಲ್ಲಿ ಹಾಗಲ್ಲ. ಮರಿಯೊಂದು ತೂಕಡಿಸಿದರೆ ಸಾಕು, ಅಂಗಡಿಯಿಂದ ಪುಡಿ ತಂದು ನೀರಿಗೆ ಕಲಸುತ್ತೇವೆ. ಇದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಮನುಷ್ಯರಿಗೆ ಕಟ್ಟಕಡೆಯ ಮದ್ದಾದ ಕೊಲಿಸ್ಟಿನ್ನನ್ನು ಕೋಳಿಸಾಕಣೆಯಲ್ಲಿ ಬಳಸಕೂಡದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಕತ್ತು ತಿರುಚಿದ ಮರಿಗಳಲ್ಲಿ ಒಂದೂ ಬದುಕಲಿಲ್ಲ. ಮೆದುಳಿಗೇರಿದ ಮೇಲೆ ಮದ್ದು ತಡವಾದಂತೆಯೇ. ಉಳಿದವನ್ನು ಬೇರೆ ಮಾಡಿ, ವೈದ್ಯರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಕುಡಿಸಿದೆವು. ಸೋರುತ್ತಿದ್ದ ಮೂಲೆಯಿಂದ ಗೂಡನ್ನು ಸರಿಸಿ, ಒಣ ಭತ್ತದ ಹೊಟ್ಟು ಹರಡಿದೆವು. ಮೊದಲ ವಾರ ಮರಿಗಳಿಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ನಮ್ಮ ಒಂದು ಬಲ್ಬಿಗೆ ಅದು ಸಾಧ್ಯವಿರಲಿಲ್ಲ. ಎರಡನೆಯದನ್ನು ಅವ್ವ ಅಡುಗೆಮನೆಯಿಂದ ಕಳಚಿ ತಂದಳು. 31 ಮರಿಗಳು ಉಳಿದವು.