ಲಗ್ನಪತ್ರಿಕೆ ಮನೆಯಲ್ಲೇ ಅಚ್ಚಾಗಬಹುದೇ? ದಪ್ಪ ಕಾಗದಕ್ಕೆ ಹೊಂದುವ ಪ್ರಿಂಟರ್ ಆಯ್ಕೆಯ ಬಗ್ಗೆ

ಬೇರಿಕೆ ಸುತ್ತಮುತ್ತಲಿನ ಕನ್ನಡ ಮನೆಗಳಿಂದ ನಮಗೆ ಬಂದ ಲಗ್ನಪತ್ರಿಕೆಗಳನ್ನು ನಾವು ಹಲವು ವರ್ಷಗಳಿಂದ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೇವೆ. ಹಳೆಯವುಗಳಲ್ಲಿ ಕನ್ನಡವೇ ಹೆಚ್ಚು. ಈಚಿನವುಗಳಲ್ಲಿ ತಮಿಳು, ತೆಲುಗು, ಇಂಗ್ಲಿಷ್ ಇವೆ. ಕನ್ನಡವಿದ್ದರೆ ಮೇಲಿನ ದೇವರ ಹೆಸರಿಗಷ್ಟೇ. ಇದಕ್ಕೆ ಮನೆಯವರ ಅನಾದರವೊಂದನ್ನೇ ಕಾರಣವೆನ್ನಲಾಗದು. ಕನ್ನಡ ಟೈಪು ಮಾಡುವವರು ನಮ್ಮಲ್ಲಿಲ್ಲ ಎಂದು ಅಚ್ಚುಕೂಟದಲ್ಲಿ ಹೇಳಿದರೆ, ಮದುವೆಯ ನೂರು ಕೆಲಸಗಳನ್ನು ತಲೆಯ ಮೇಲೆ ಹೊತ್ತ ತಂದೆ ಅಲ್ಲಿ ವಾದಕ್ಕೆ ನಿಲ್ಲುವುದಿಲ್ಲ.

ಕಳೆದ ವೈಶಾಖದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಕ್ಕನ ಮದುವೆಯಾಯಿತು. ಪತ್ರಿಕೆ ಕನ್ನಡದಲ್ಲೇ ಇರಬೇಕೆಂದು ಮನೆಯವರು ಪಟ್ಟು ಹಿಡಿದಿದ್ದರು. 300 ಪ್ರತಿಗಳ ಕಟ್ಟು ಮನೆಗೆ ಬಂದಾಗ ವಧುವಿನ ಹೆಸರಿನ ‘ಲಕ್ಷ್ಮಿ’ ಒಡೆದು ‘ಲಕ್‌ಷ್‌ಮಿ’ ಆಗಿತ್ತು; ‘ಲಗ್ನ’ವು ‘ಲಗ್‌ನ’ವಾಗಿತ್ತು. ಅದನ್ನು ಮೊದಲು ಕಂಡವಳು ಆರನೆಯ ತರಗತಿಯ ಆ ಹುಡುಗಿ. ತಮಿಳು ಮಾಧ್ಯಮದಲ್ಲಿ ಓದಿದ ಅವಳ ಅಣ್ಣಂದಿರಿಗೆ ತಪ್ಪು ಕಾಣಿಸಿರಲೇ ಇಲ್ಲ. ಮತ್ತೆ ಅಚ್ಚು ಹಾಕಿಸಲು ಹಣವೂ ಉಳಿದಿರಲಿಲ್ಲ, ದಿನವೂ ಉಳಿದಿರಲಿಲ್ಲ. “ಮೇಷ್ಟ್ರೇ, ಮನೆಗೇ ಒಂದು ಪ್ರಿಂಟರ್ ತಂದುಕೊಂಡರೆ ಆಗುವುದಿಲ್ಲವೇ?” ಎಂಬ ಪ್ರಶ್ನೆ ಅಂದಿನಿಂದ ಹಲವು ಪೋಷಕರ ಬಾಯಲ್ಲಿ ಬಂದಿದೆ. ಆಗುತ್ತದೆ, ಆದರೆ ಎಲ್ಲ ಪ್ರಿಂಟರುಗಳಿಂದಲೂ ಅಲ್ಲ, ಎಲ್ಲ ಪ್ರತಿಗಳಿಗೂ ಅಲ್ಲ.

ಮೊದಲು ಕಾಗದವನ್ನು ಅರಿತುಕೊಳ್ಳಬೇಕು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿ.ಎಸ್.ಎಂ. ಜೆರಾಕ್ಸ್ ಅಂಗಡಿಯ ಸಾದಾ ಹಾಳೆ 70 ಅಥವಾ 80 ಜಿ.ಎಸ್.ಎಂ. ಇರುತ್ತದೆ. ಲಗ್ನಪತ್ರಿಕೆಯ ಕಾರ್ಡು ಸಾಮಾನ್ಯವಾಗಿ 200ರಿಂದ 300ರವರೆಗೆ. ಒಂದು ಎ4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದ್ದರಿಂದ, 80 ಜಿ.ಎಸ್.ಎಂ.ನ ಹಾಳೆ 5 ಗ್ರಾಂ, 240ರ ಹಾಳೆ 15 ಗ್ರಾಂ ತೂಗಬೇಕು. ಅಂಗಡಿಯವರ ಮಾತಿನ ಮೇಲೆ ಸಂಶಯ ಬಂದರೆ 10 ಹಾಳೆಗಳನ್ನು ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕಿ ನೋಡಬಹುದು. ಮಕ್ಕಳಿಗೆ ಇದೊಂದು ಒಳ್ಳೆಯ ಲೆಕ್ಕವೂ ಹೌದು.

ಮನೆಯ ಪ್ರಿಂಟರುಗಳಲ್ಲಿ ಕಾಗದ ಸಾಗುವ ದಾರಿ ಎರಡು ಬಗೆ. ಯಂತ್ರದ ತಳದಲ್ಲಿ ಮುಂಭಾಗದ ಟ್ರೇ ಇರುವವುಗಳಲ್ಲಿ ಹಾಳೆ ಒಳಗೆ ಹೋಗಿ, ಉರುಳೆಯೊಂದನ್ನು ಪೂರ್ತಿ ಸುತ್ತಿ, ಹಿಂತಿರುಗಿ ಮುಂದಕ್ಕೆ ಬರುತ್ತದೆ. ತೆಳು ಹಾಳೆಗೆ ಇದು ತೊಂದರೆಯಲ್ಲ. ದಪ್ಪ ಕಾರ್ಡು ಅಷ್ಟು ಬಾಗಲಾರದೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಗೆರೆ ಬಿದ್ದು ಹೊರಬರುತ್ತದೆ. ಹಿಂಬದಿಯಲ್ಲಿ ಕಾಗದವನ್ನು ನಿಲ್ಲಿಸುವ ಟ್ರೇ ಇದ್ದರೆ ಹಾಳೆ ಸ್ವಲ್ಪವೇ ಬಾಗಿ ಮುಂದೆ ಬರುತ್ತದೆ. ಆದ್ದರಿಂದ ಕಾರ್ಡಿಗೆ ಹಿಂಬದಿಯ ಟ್ರೇ ಉಳ್ಳ ಇಂಕ್ ಟ್ಯಾಂಕ್ ಪ್ರಿಂಟರನ್ನೇ ನಾವು ಸೂಚಿಸುತ್ತೇವೆ. ಎಪ್ಸನ್, ಕ್ಯಾನನ್ ಎರಡರಲ್ಲೂ ಇಂಥ ಮಾದರಿಗಳಿವೆ. ಲೇಸರ್ ಬೇಕೆನ್ನುವವರು ಹಿಂಬಾಗಿಲು ತೆರೆದು ಕಾಗದವನ್ನು ನೇರವಾಗಿ ಹೊರಬಿಡುವ ಸೌಲಭ್ಯವಿದೆಯೇ ಎಂದು ಕೇಳಬೇಕು. ಬ್ರದರ್ ಕಂಪನಿಯ ಹಲವು ಮಾದರಿಗಳಲ್ಲಿ ಅದಿದೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಕ್ಯಾನನ್‌ನ ಜಿ ಸಾಲಿನ ಅನೇಕ ಯಂತ್ರಗಳಿಗೆ ಸಾದಾ ಕಾಗದದ ಮಿತಿ 64ರಿಂದ 105 ಜಿ.ಎಸ್.ಎಂ. ಎಂದಿದ್ದು, ಸುಮಾರು 275 ಎಂಬ ದೊಡ್ಡ ಅಂಕಿ ಆ ಕಂಪನಿಯದೇ ಫೋಟೊ ಕಾಗದಕ್ಕೆ ಸೇರಿದ್ದು. ಮಾರಾಟಗಾರರು ಎರಡನೆಯದನ್ನಷ್ಟೇ ಹೇಳುವುದುಂಟು. ಎರಡೂ ಬದಿ ತಾನೇ ಅಚ್ಚು ಹಾಕುವ ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಅದು ತೆಳು ಹಾಳೆಗೇ ಸೀಮಿತ. ಕಾರ್ಡನ್ನು ಕೈಯಿಂದಲೇ ತಿರುವಿ ಹಾಕಬೇಕಾಗುತ್ತದೆ.

ಇನ್ನು ಶಾಯಿ. ಲೇಸರ್ ಯಂತ್ರದಲ್ಲಿ ಟೋನರ್ ಪುಡಿಯನ್ನು ಬಿಸಿ ಉರುಳೆ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ದಪ್ಪ ಕಾಗದ ಆ ಶಾಖವನ್ನು ತಾನೇ ಹೀರಿಕೊಳ್ಳುವುದರಿಂದ ಅಕ್ಷರ ಅರೆಬರೆ ಅಂಟಿ, ಉಗುರು ತಾಗಿದರೆ ಉದುರುತ್ತದೆ. ಮಡಿಸಿದಲ್ಲಿ ಬಿರುಕು ಬಿಡುತ್ತದೆ. ಮುದ್ರಣದ ಆಯ್ಕೆಗಳಲ್ಲಿ ‘ದಪ್ಪ ಕಾಗದ’ ಎಂಬುದನ್ನು ಆರಿಸಿದರೆ ಯಂತ್ರ ನಿಧಾನವಾಗಿ ಸಾಗಿ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಚಿನ್ನದ ಹಾಳೆ ಅಂಟಿಸಿದ, ಪ್ಲಾಸ್ಟಿಕ್ ಹೊಳಪಿನ ಕಾರ್ಡುಗಳನ್ನು ಲೇಸರ್‌ಗೆ ಹಾಕಲೇಬಾರದು. ಅವು ಒಳಗೆ ಕರಗಿ ಅಂಟಿದರೆ ಯಂತ್ರವೇ ಹಾಳಾದಂತೆ. ಮನೆಯ ಸಣ್ಣ ಯು.ಪಿ.ಎಸ್.ಗೂ ಲೇಸರನ್ನು ಜೋಡಿಸಬಾರದು.

ಇಂಕ್ ಯಂತ್ರದ ತೊಡಕು ಬೇರೆ. ನಮ್ಮಲ್ಲಿ ಪತ್ರಿಕೆಯ ನಾಲ್ಕು ಮೂಲೆಗೂ ಒದ್ದೆ ಬೆರಳಿನಿಂದ ಅರಿಶಿನ ಕುಂಕುಮ ಹಚ್ಚದೆ ದೇವರ ಮುಂದೆ ಇಡುವುದಿಲ್ಲ. ನೀರಿನಲ್ಲಿ ಕರಗುವ ಡೈ ಶಾಯಿಯಾದರೆ ಆ ಬೆರಳು ತಾಗಿದ ಕಡೆ ಬಣ್ಣ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಕಣಗಳು ಕಾಗದದ ಮೇಲೆಯೇ ನಿಲ್ಲುವುದರಿಂದ ನೀರನ್ನು ಹೆಚ್ಚು ತಡೆಯುತ್ತವೆ. ಅನೇಕ ಇಂಕ್ ಟ್ಯಾಂಕ್ ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಕೆಲವುಗಳಲ್ಲಿ ನಾಲ್ಕೂ ಡೈ. ಕೊಳ್ಳುವ ಮುನ್ನ ಇದನ್ನು ಕೇಳಿಯೇ ತಿಳಿಯಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಗದದ ಬಗೆಯನ್ನು ‘ಫೋಟೊ’ ಎಂದು ಆರಿಸಿದರೆ, ಕಪ್ಪು ಪಿಗ್ಮೆಂಟ್ ಇರುವ ಹಲವು ಯಂತ್ರಗಳೂ ಅದನ್ನು ಬಿಟ್ಟು ಮೂರು ಡೈ ಬಣ್ಣಗಳನ್ನು ಬೆರೆಸಿಯೇ ಕಪ್ಪು ಮಾಡುತ್ತವೆ. ಆದ್ದರಿಂದ ಹೊಳಪಿಲ್ಲದ ಕಾರ್ಡಿಗೆ ಮೊದಲು ‘ಸಾದಾ ಕಾಗದ’ ಎಂದೇ ಆರಿಸಿ ಒಂದು ಪ್ರತಿ ತೆಗೆದು, ಅರ್ಧ ಗಂಟೆ ಒಣಗಿಸಿ, ಅರಿಶಿನದ ಬೆರಳನ್ನು ತಾಗಿಸಿ ನೋಡುವುದು ಒಳಿತು. ಹೊಳಪಿನ ಕಾರ್ಡು ಶಾಯಿಯನ್ನು ಹೀರುವುದೇ ಇಲ್ಲ. ಇಂಕ್‌ಜೆಟ್‌ಗೆಂದೇ ಲೇಪ ಹಾಕಿದ ಕಾಗದವಲ್ಲದಿದ್ದರೆ ಅದನ್ನು ಬಿಟ್ಟುಬಿಡಬೇಕು.

ಯಂತ್ರ ಎಷ್ಟೇ ಒಳ್ಳೆಯದಾದರೂ ‘ಲಕ್‌ಷ್‌ಮಿ’ಯ ತಪ್ಪು ಪ್ರಿಂಟರಿನದಲ್ಲ ಎಂಬುದನ್ನು ಪೋಷಕರು ಗಮನಿಸಬೇಕು. ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಟೈಪು ಮಾಡಿದ್ದನ್ನು ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತಕ್ಷರಗಳು ಕಳಚಿಕೊಳ್ಳುತ್ತವೆ. ಅಚ್ಚುಕೂಟಗಳಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿ, ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ ಪತ್ರಿಕೆಯನ್ನು ರೂಪಿಸಿ, ಪಿ.ಡಿ.ಎಫ್. ಮಾಡಿಕೊಂಡರೆ ಫಾಂಟ್ ಅದರೊಳಗೇ ಸೇರುತ್ತದೆ. ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಒಡೆಯದು. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರವಿರಲಿ. ಅಕ್ಷರ 11 ಪಾಯಿಂಟಿಗಿಂತ ಸಣ್ಣದಾದರೆ ಒರಟು ಕಾಗದದಲ್ಲಿ ಶಾಯಿ ಹಬ್ಬಿ ‘ತ್ತ’ ಯಾವುದು ‘ತ್ರ’ ಯಾವುದು ತಿಳಿಯದಂತಾಗುತ್ತದೆ. ಅರ್ಕಾವೊತ್ತಿನ ಬದಲು ೯ ಅಂಕಿಯನ್ನು ಒತ್ತಿ ‘ಮುಹೂತ೯’ ಎಂದು ಬರೆಯುವ ಅಭ್ಯಾಸವನ್ನೂ ಬಿಡಬೇಕು.

ಹೆಸರುಗಳ ವಿಷಯದಲ್ಲಿ ತಪ್ಪು ಬರೀ ಮುಜುಗರದ ಮಾತಲ್ಲ. ತಮಿಳುನಾಡಿನ 2009ರ ವಿವಾಹ ನೋಂದಣಿ ಕಾಯಿದೆಯಂತೆ ಎಲ್ಲ ಮದುವೆಗಳನ್ನೂ 90 ದಿನಗಳೊಳಗೆ ನೋಂದಾಯಿಸಬೇಕು. ಆಗ ಮದುವೆಯ ಆಧಾರವಾಗಿ ಲಗ್ನಪತ್ರಿಕೆಯನ್ನು ಕೇಳುವುದು ರೂಢಿಯಲ್ಲಿದೆ. ಕಚೇರಿಯಲ್ಲಿ ಅದನ್ನು ಓದುವವರು ತಮಿಳು ಬಲ್ಲವರು. ಆದಕಾರಣ ಒಂದು ಬದಿಯಲ್ಲಿ ಕನ್ನಡವನ್ನೂ ಇನ್ನೊಂದು ಬದಿಯಲ್ಲಿ ತಮಿಳನ್ನೂ ಹಾಕಿ, ಹೆಸರುಗಳನ್ನು ಆಧಾರ್ ಕಾರ್ಡಿನಲ್ಲಿರುವಂತೆಯೇ ಬರೆಯುವುದು ಕ್ಷೇಮ. ತಮಿಳನ್ನು ಸೇರಿಸಿದರೆ ಕನ್ನಡಕ್ಕೆ ಕುಂದೆಂದು ನಾವು ಭಾವಿಸುವುದಿಲ್ಲ. ನಮ್ಮ ನೆರೆಹೊರೆಯೂ ಮದುವೆಗೆ ಬರಬೇಕಷ್ಟೆ.

ಈಗ ಲೆಕ್ಕ. ದಪ್ಪ ಕಾರ್ಡಿನ ಒಂದು ಬದಿಗೆ ಒಂದು ನಿಮಿಷವೆಂದರೂ 500 ಪತ್ರಿಕೆಗಳ ಎರಡೂ ಬದಿಗೆ 1,000 ನಿಮಿಷ, ಅಂದರೆ 16 ಗಂಟೆ 40 ನಿಮಿಷ ಯಂತ್ರದ ಮುಂದೆಯೇ ಕುಳಿತಿರಬೇಕು. ಎಪ್ಸನ್‌ನ 003 ಕಪ್ಪು ಬಾಟಲಿಯಿಂದ ಸುಮಾರು 4,500 ಪುಟ ಬರುತ್ತದೆ ಎಂದು ಕಂಪನಿ ಹೇಳುವುದು ಬಿಳಿ ಹಾಳೆಯ ಮೇಲಿನ ಸಾಮಾನ್ಯ ಬರಹಕ್ಕೆ; ಹಾಳೆ ತುಂಬ ಕೆಂಪು ಹಿನ್ನೆಲೆ ಹಾಕಿದರೆ ಬಣ್ಣದ ಬಾಟಲಿಗಳು ಕಣ್ಣೆದುರೇ ಇಳಿಯುತ್ತವೆ. ಹೀಗಾಗಿ 100 ಪ್ರತಿಗಳವರೆಗೆ ಮನೆಯ ಯಂತ್ರ ಸಾಕು. ಅದಕ್ಕಿಂತ ಹೆಚ್ಚಾದರೆ, ಶಿವಕಾಶಿಯಿಂದ ಬರುವ ಚಿತ್ರವಿರುವ ಖಾಲಿ ಕಾರ್ಡುಗಳನ್ನು ಕೊಂಡು, ಒಳಗಿಡುವ ಬರಹದ ಹಾಳೆಯನ್ನು ಮಾತ್ರ 100 ಜಿ.ಎಸ್.ಎಂ. ಆಸುಪಾಸಿನ ಒಳ್ಳೆಯ ಕಾಗದದಲ್ಲಿ ಮನೆಯಲ್ಲಿ ಅಚ್ಚು ಹಾಕುವುದೇ ಜಾಣತನ. ಮಾಲೂರು, ಆನೇಕಲ್ಲಿನ ಬಂಧುಗಳಿಗೆ ಕನ್ನಡ ಹಾಳೆ, ಇಲ್ಲಿಯವರಿಗೆ ಎರಡು ಭಾಷೆಯ ಹಾಳೆ ಎಂದು ಬೇರೆ ಬೇರೆ ಮಾಡಿಕೊಳ್ಳುವ ಅನುಕೂಲವೂ ಇದರಲ್ಲಿದೆ. ಕಾರ್ಡನ್ನೇ ಮಡಿಸುವುದಾದರೆ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಗೆರೆ ಎಳೆದ ಮೇಲೆ ಮಡಿಸಬೇಕು.

ಮದುವೆ ಮುಗಿದ ಮೇಲೆ ಯಂತ್ರ ಸುಮ್ಮನೆ ಕುಳಿತರೆ ಶಾಯಿಯ ಸೂಕ್ಷ್ಮ ರಂಧ್ರಗಳು ಒಣಗಿ ಕಟ್ಟಿಕೊಳ್ಳುತ್ತವೆ. ವಾರಕ್ಕೊಂದು ಬಣ್ಣದ ಪುಟವಾದರೂ ಹೊರಬರಬೇಕು. ಮಕ್ಕಳ ಕನ್ನಡ ಅಭ್ಯಾಸದ ಹಾಳೆಗಿಂತ ಒಳ್ಳೆಯ ನೆಪ ಬೇಕಿಲ್ಲ. ಒಂದೇ ಬೀದಿಯ ಎರಡು ಮೂರು ಮನೆಯವರು ಸೇರಿ ಕೊಂಡರೆ ಖರ್ಚೂ ಹಗುರ, ಯಂತ್ರಕ್ಕೂ ಕೆಲಸ.

ಹೊಸೂರಿನ ಅಂಗಡಿಗೆ ಹೋಗುವಾಗ ತಾವು ಬಳಸಬೇಕೆಂದಿರುವ ಕಾರ್ಡು ನಾಲ್ಕನ್ನೂ ಪತ್ರಿಕೆಯ ಪಿ.ಡಿ.ಎಫ್. ಇರುವ ಪೆನ್‌ಡ್ರೈವನ್ನೂ ಜೊತೆಗೊಯ್ದು, ತಮ್ಮೆದುರೇ ಅಚ್ಚು ಹಾಕಿ ತೋರಿಸುವಂತೆ ಕೇಳಬೇಕು. ಕನ್ನಡ ಶಾಲೆಯಲ್ಲಿ ಓದುವ ಮಗುವನ್ನೂ ಕರೆದೊಯ್ಯಿರಿ. ಹೊರಬಂದ ಹಾಳೆಯನ್ನು ಮೊದಲು ಅದರ ಕೈಗೆ ಕೊಡಿ.